ಪರಿಚಯವಿಲ್ಲದ ಸಂಗೀತದ ಮುಂದೆ ಕುಳಿತು

ಈಗ ನೀವು ಕೇಳಿದ್ದು ಎರಡೇ ನಿಮಿಷ. ಒಂಟಿ ಪಿಯಾನೊ, ಎಲ್ಲೂ ಗದ್ದಲವಿಲ್ಲ, ತೊಟ್ಟಿಲು ತೂಗಿದ ಹಾಗೆ ಹೋಗಿ ಬರುವ ಒಂದು ಧಾಟಿ. ಬೇಕೆಂದೇ ಅರ್ಧದಲ್ಲಿ ನಿಲ್ಲಿಸಿದೆ. ಯಾರ ರಚನೆ ಇರಬಹುದು ಎಂದು ಕೇಳಿದಾಗ ಮುಂದಿನ ಸಾಲಿನವರೊಬ್ಬರು ಶೋಪಾನ್ ಎಂದರು. ಹಿಂದಿನಿಂದ ಒಬ್ಬರು ರಾಖ್ಮನಿನಾಫ್ ಎಂದರು. ಎರಡನೆಯ ಉತ್ತರ ಗುರಿಗೆ ಬಹಳ ಹತ್ತಿರ ಬಂದಿದೆ. ಇದು ರಷ್ಯನ್ ಸಂಗೀತಕಾರ ರಾಖ್ಮನಿನಾಫ್ ಅವರ ಆಪ್ತ ಗೆಳೆಯರಾಗಿದ್ದ ನಿಕೊಲಾಯ್ ಮೆಟ್ನರ್ ಅವರ ರಚನೆ. ‘ಸೊನಾಟಾ ರೆಮಿನಿಸೆಂಜಾ’ ಎಂದು ಹೆಸರು. ನೆನಪಿನ ಸೊನಾಟಾ ಎನ್ನಬಹುದು; ಸೊನಾಟಾ ಎಂದರೆ ವಾದ್ಯಕ್ಕೆಂದೇ ಬರೆದ ರಚನೆ. ನುಡಿಸಿದವರು ಎಮಿಲ್ ಗಿಲೆಲ್ಸ್. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು, ಅಂದರೆ ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ರಚನೆಯನ್ನು, ಮೆಟ್ನರ್ ಅವರಿಗೆ ಅರ್ಪಿಸಿದರು; ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನಾಫ್ ಅವರಿಗೆ ಅರ್ಪಿಸಿದರು. ಮೆಟ್ನರ್ ಅವರ ಮೂರನೆಯ ಕನ್ಸರ್ಟೊ ಯಾರಿಗೆ ಅರ್ಪಿತವಾಗಿದೆ ಗೊತ್ತೇ? ಮೈಸೂರಿನ ಮಹಾರಾಜರಿಗೆ, ಜಯಚಾಮರಾಜೇಂದ್ರ ಒಡೆಯರಿಗೆ.

ನಿಮ್ಮಲ್ಲಿ ಹಲವರ ಹುಬ್ಬು ಮೇಲೇರಿದ್ದು ಕಾಣುತ್ತಿದೆ. ನನಗೂ ಮೊದಲ ಸಲ ಓದಿದಾಗ ಹಾಗೆಯೇ ಆಗಿತ್ತು. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಅವರನ್ನು ಬಲ್ಲೆವು. ಗಂಭೀರನಾಟದ ‘ಶ್ರೀ ಜಾಲಂಧರ’ವನ್ನು ಸಂಗೀತ ಕಛೇರಿಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆದರೆ ಅದೇ ಮನುಷ್ಯ ಅರಮನೆಯ ಒಂದು ಕೋಣೆಯಲ್ಲಿ ಕುಳಿತು, ಲಂಡನ್ನಿನವರೇ ಮರೆಯತೊಡಗಿದ್ದ ಒಬ್ಬ ರಷ್ಯನ್ ಸಂಗೀತಕಾರನ ರಚನೆಗಳನ್ನು ಹಂಬಲಿಸಿ ಹುಡುಕುತ್ತಿದ್ದರು ಎಂಬುದನ್ನು ನಾವು ನೆನೆಯುವುದು ಕಡಿಮೆ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. 14 ಪಿಯಾನೊ ಸೊನಾಟಾ, ಮೂರು ಕನ್ಸರ್ಟೊ, ನೂರರಷ್ಟು ಹಾಡು, ಜೊತೆಗೆ ‘ಸ್ಕಾಜ್ಕಿ’ ಎಂದು ಅವರು ಕರೆದ ಕಿರು ರಚನೆಗಳು. ಸ್ಕಾಜ್ಕಿ ಎಂದರೆ ನಮ್ಮ ಅಜ್ಜಿಕಥೆಗಳೇ. 1921ರಲ್ಲಿ ಅವರು ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವಿನಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಆರೋಗ್ಯವೂ ಕೆಟ್ಟಿತು. ಆ ಸ್ಥಿತಿಯಲ್ಲಿಯೇ ಮೂರನೆಯ ಕನ್ಸರ್ಟೊ ಮುಗಿಸಿ, 1944ರ ಫೆಬ್ರುವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಯುದ್ಧ ಮುಗಿದ ಮೇಲೆ ಮೈಸೂರಿನಿಂದ ಸಹಾಯ ಬಂತು. ಮೆಟ್ನರ್ ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸುವ ವೆಚ್ಚವನ್ನು ಮಹಾರಾಜರು ವಹಿಸಿಕೊಂಡರು. ಎಚ್‌ಎಂವಿ ಕಂಪನಿ ‘ಮೆಟ್ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಅವುಗಳನ್ನು ಸಂಪುಟಗಳಾಗಿ ಹೊರತಂದಿತು. ಮೂರೂ ಕನ್ಸರ್ಟೊಗಳು ಅದರಲ್ಲಿವೆ. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ, ಮೆಟ್ನರ್ ಪಿಯಾನೊ ನುಡಿಸಿದ ಹಾಡುಗಳೂ ಇವೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಗಳ ನಾದ ಇಷ್ಟು ತುಂಬಾಗಿ ನಮಗೆ ದಕ್ಕುತ್ತಿರಲಿಲ್ಲ.

ಈ ವಿಷಯ ಮಾತಾಡಲು 1946ರಲ್ಲಿ ಮೈಸೂರಿಗೆ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಆ ಭೇಟಿಯನ್ನು ಬರೆದಿಟ್ಟಿದ್ದಾರೆ. ಇನ್ನೂ ಮೂವತ್ತು ತುಂಬದ ರಾಜರು; ಗಂಭೀರ ಸಂಗೀತದ ರೆಕಾರ್ಡುಗಳ ಬಹು ದೊಡ್ಡ ಸಂಗ್ರಹ; ಬಗೆಬಗೆಯ ಸ್ಪೀಕರುಗಳು; ದೊಡ್ಡ ಕನ್ಸರ್ಟ್ ಪಿಯಾನೊಗಳು. ಲೆಗ್ ಆಗಷ್ಟೇ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದ ನಾಲ್ಕು ಕೊನೆಯ ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಅದಕ್ಕೂ ಹಣದ ಭರವಸೆ ಕೊಟ್ಟವರು ಅವರೇ: 4,800 ಡಾಲರ್. ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವೃಂದವನ್ನು ನಡೆಸಿದರು. ಮಹಾರಾಜರು ಅಲ್ಲಿರಲಿಲ್ಲ. ಅವರು ಕೇಳಲೆಂದೇ ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಇಂದು ಆ ಹಾಡುಗಳನ್ನು ಲೋಕವೆಲ್ಲ ಕೇಳುತ್ತದೆ. ಆ ಸಂಜೆ ಅವು ಯಾರಿಗೂ ಗೊತ್ತಿಲ್ಲದ ಹೊಸ ಹಾಡುಗಳಾಗಿದ್ದವು.

ಹಣದ ಮಾತು ಸಾಕು. ಹಣ ಇರುವವರು ಬಹಳ ಜನ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಿವಿ. ಯಾರೂ ಹೇಳಿಕೊಡದ, ಸುತ್ತ ಚರ್ಚಿಸಲು ಹೆಚ್ಚು ಜನರಿಲ್ಲದ ಒಂದು ಸಂಗೀತವನ್ನು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಒಬ್ಬರು ಮತ್ತೆ ಮತ್ತೆ ಕೇಳಿ ತಮ್ಮದಾಗಿಸಿಕೊಂಡರು. ಆ ಕೇಳ್ಮೆ ಹೇಗೆ ಸಾಧ್ಯವಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ನಮ್ಮ ಸೋದರಮಾವನ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇತ್ತು. ಆ ಕಾಲದ ದೊಡ್ಡ ತಟ್ಟೆಯ ಒಂದು ಬದಿಯಲ್ಲಿ ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ ಹಿಡಿಯುತ್ತದೆ, ಅಷ್ಟೇ. ಅರ್ಧ ಗಂಟೆ ಮೀರುವ ಒಂದು ಕನ್ಸರ್ಟೊ ಕೇಳಬೇಕಾದರೆ ಏಳೆಂಟು ಸಲ ಎದ್ದು ತಟ್ಟೆ ತಿರುಗಿಸಬೇಕು, ಮುಳ್ಳು ಬದಲಿಸಬೇಕು, ಕೀಲಿ ತಿರುವಬೇಕು. ಮಾವ ತಟ್ಟೆಯ ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು, ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಮುಳ್ಳನ್ನು ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಳ್ಳು ತಾಗಿದಾಗ ಮೊದಲು ಬರುವುದು ‘ಸರ್’ ಎಂಬ ಸದ್ದು. ಆ ಸದ್ದಿನಲ್ಲೇ ನಾವು ಮಕ್ಕಳು ಮಾತು ನಿಲ್ಲಿಸುತ್ತಿದ್ದೆವು. ಕೇಳುವ ಸಂಸ್ಕಾರ ನನಗೆ ಬಂದದ್ದು ಸಂಗೀತ ಶುರುವಾಗುವ ಮುಂಚಿನ ಆ ನಾಲ್ಕು ಕ್ಷಣಗಳಿಂದ. ಇಂದು ಮೊಬೈಲಿನಲ್ಲಿ ಮೆಟ್ನರ್ ಅವರ ಅಷ್ಟೂ ಸೊನಾಟಾಗಳು ಸಿಗುತ್ತವೆ. ಸಿಗುವುದು ಸುಲಭವಾಯಿತು, ಕೂರುವುದು ಕಷ್ಟವಾಯಿತು.

ಈಗ ದಾರಿಗೆ ಬರೋಣ. ಆವಾಂಗಾರ್ಡ್ ಎಂಬ ಫ್ರೆಂಚ್ ಮಾತಿಗೆ ಮೂಲದಲ್ಲಿ ಸೈನ್ಯದ ಮುಂಚೂಣಿ ದಳ ಎಂದರ್ಥ. ಕಲೆಯಲ್ಲಿ ಹಳೆಯ ನಿಯಮ ಮುರಿದು ಹೊಸದನ್ನು ಹುಡುಕುವವರನ್ನು ಹಾಗೆ ಕರೆಯುತ್ತಾರೆ. ಮೆಟ್ನರ್ ಆ ದಳದವರಲ್ಲ. ಅದನ್ನು ವಿರೋಧಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಬರೆದವರು ಅವರು. ಸ್ವರಗಳನ್ನು ಒಟ್ಟಿಗೆ ಸೇರಿಸುವ ಸ್ವರಮೇಳದ ಹಳೆಯ ನಿಯಮಗಳು ಶಾಶ್ವತ ಎಂದು ನಂಬಿದ್ದರು. ಈಗ ನಾನು ಹೇಳಹೊರಟ ಹಲವರನ್ನು ಅವರು ಸಂಗೀತಗಾರರೆಂದು ಒಪ್ಪುತ್ತಿರಲಿಲ್ಲ. ಆದರೂ ನನ್ನ ಕಪಾಟಿನಲ್ಲಿ ಇವರೆಲ್ಲ ಅಕ್ಕಪಕ್ಕ ಇದ್ದಾರೆ. ಮರೆತುಹೋದ ಹಳೆಯದಕ್ಕೂ ಇನ್ನೂ ಒಗ್ಗದ ಹೊಸದಕ್ಕೂ ಕೇಳುಗನಿಂದ ಬೇಕಾದದ್ದು ಒಂದೇ: ತಾನು ತಂದ ನಿರೀಕ್ಷೆಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಬರುವುದು.

ನಾನು ಅದರಲ್ಲಿ ಮೊದಲು ಸೋತದ್ದು ಆಸ್ಟ್ರಿಯಾದ ಸಂಗೀತಕಾರ ಆಂಟನ್ ವೆಬರ್ನ್ ಅವರ ಮುಂದೆ. ಇಪ್ಪತ್ತರ ಹರೆಯ, ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತ ಕಿವಿ. ನಾಲ್ಕು ತಂತಿವಾದ್ಯಗಳಿಗೆ ಅವರು ಬರೆದ ‘ಆರು ಬ್ಯಾಗಟೆಲ್’ ಎಂಬ ಕಿರು ತುಣುಕುಗಳನ್ನು ಗೆಳೆಯನೊಬ್ಬ ಹಾಕಿದ. ಆರೂ ಸೇರಿ ನಾಲ್ಕು ನಿಮಿಷದ ಆಸುಪಾಸು. ಪಿಸುಗುಟ್ಟಿದ ಹಾಗೆ ಒಂದು ಸ್ವರ, ಬಿಲ್ಲಿನ ಕಡ್ಡಿಯಿಂದ ತಟ್ಟಿದ ಸದ್ದು, ಮೌನ, ತಂತಿ ಮೀಟಿದ ಒಂದು ಹನಿ, ಮತ್ತೆ ಮೌನ. ನಾನು ಕೇಳಿದ್ದು ಒಂದೇ ಪ್ರಶ್ನೆ: ಶ್ರುತಿ ಎಲ್ಲಿದೆ? ನನ್ನ ಕಿವಿ ಷಡ್ಜವನ್ನು, ಉಳಿದೆಲ್ಲ ಸ್ವರಗಳಿಗೆ ಆಧಾರವಾದ ‘ಸ’ವನ್ನು, ಹುಡುಕುತ್ತಿತ್ತು. ಪ್ರತಿ ಸ್ವರ ಬಂದಾಗಲೂ ಇದೇ ಷಡ್ಜವೇನೋ ಎಂದು ಕಾಲೂರಲು ಹೋಗುತ್ತಿತ್ತು, ಮುಂದಿನ ಸ್ವರ ಆ ನೆಲವನ್ನು ಎಳೆದುಬಿಡುತ್ತಿತ್ತು. ನಾಲ್ಕು ನಿಮಿಷದಲ್ಲಿ ನನಗೆ ನಿಜವಾಗಿಯೂ ತಲೆ ಸುತ್ತಿತು.

ವೆಬರ್ನ್ ಬೇಕೆಂದೇ ಆ ನೆಲವನ್ನು ತೆಗೆದಿದ್ದರು ಎಂದು ತಿಳಿಯಲು ವರ್ಷಗಳು ಹಿಡಿದವು. ನಮ್ಮಲ್ಲೂ ಸಪ್ತಕಕ್ಕೆ 12 ಸ್ವರಸ್ಥಾನಗಳಿವೆ. ರಾಗ ಎಂದರೆ ಅವುಗಳಲ್ಲಿ ಕೆಲವನ್ನು ಆರಿಸಿ, ಕೆಲವನ್ನು ಬಿಟ್ಟು, ಆರಿಸಿದವುಗಳಲ್ಲೂ ಒಂದಕ್ಕೆ ಜೀವಸ್ವರದ ಪಟ್ಟ ಕಟ್ಟುವುದು. ವೆಬರ್ನ್ ಹನ್ನೆರಡಕ್ಕೂ ಸಮಾನ ಹಕ್ಕು ಕೊಟ್ಟರು. ಈ ಬ್ಯಾಗಟೆಲ್‌ಗಳನ್ನು ಬರೆಯುವಾಗ ಹನ್ನೆರಡೂ ಸ್ವರಗಳು ಬಂದು ಹೋದ ಮೇಲೆ ರಚನೆ ಮುಗಿಯಿತೆಂಬ ಭಾವನೆ ಬರುತ್ತಿತ್ತು ಎಂದು ಅವರೇ ಮುಂದೆ ಒಂದು ಉಪನ್ಯಾಸದಲ್ಲಿ ಹೇಳಿದ್ದಾರೆ. ಗುರು ಶೋನ್‌ಬರ್ಗ್ ಇವುಗಳಿಗೆ ಬರೆದ ಮುನ್ನುಡಿಯಲ್ಲಿ, ಒಂದು ಇಡೀ ಕಾದಂಬರಿಯನ್ನು ಒಂದೇ ಚಲನೆಯಲ್ಲಿ, ಒಂದು ಸಂತೋಷವನ್ನು ಒಂದೇ ಉಸಿರಿನಲ್ಲಿ ಹೇಳುವ ಸಂಯಮ ಎಂದು ಮೆಚ್ಚಿದ್ದಾರೆ. ನವೋದಯದ ಭಾವಗೀತೆಗೆ ಒಗ್ಗಿದ ಕಿವಿಗಳು ನವ್ಯ ಕಾವ್ಯ ಬಂದಾಗ ಪ್ರಾಸವೆಲ್ಲಿ, ಹಾಡಲು ಬರುವ ಲಯವೆಲ್ಲಿ ಎಂದು ಕೇಳಿದ್ದವಲ್ಲ, ನನ್ನ ಪ್ರಶ್ನೆಯೂ ಅದೇ ಜಾತಿಯದು. ಷಡ್ಜ ಹುಡುಕುವುದನ್ನು ಬಿಟ್ಟ ದಿನ ನನಗೆ ಕೇಳಿಸಿದ್ದು ಬಣ್ಣ. ಅದೇ ಸ್ವರ ವಯೋಲದಲ್ಲಿ ಮರದ ಹಾಗೆ, ಸೆಲ್ಲೊದ ಮೇಲಿನ ತುದಿಯಲ್ಲಿ ಗಾಜಿನ ಹಾಗೆ. ಹತ್ತು ವರ್ಷದ ಪಾಠದಲ್ಲಿ ನಾನು ಸ್ವರದ ಸ್ಥಾನವನ್ನು ಕಲಿತಿದ್ದೆ, ಸ್ವರದ ಮೈಯನ್ನು ಮುಟ್ಟಿರಲಿಲ್ಲ.

ನಮ್ಮ ಕಲಿಕೆಯಿಂದ ನಷ್ಟವೇ ಹೆಚ್ಚೆಂದು ತಿಳಿಯಬೇಡಿ. ಲಾಭವೂ ದೊಡ್ಡದು. ಫ್ರೆಂಚ್ ಸಂಗೀತಕಾರ ಒಲಿವಿಯೆ ಮೆಸಿಯಾನ್ ಅವರ ಉದಾಹರಣೆ ಕೊಡುತ್ತೇನೆ, ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ.

1940ರ ಬೇಸಿಗೆಯಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದ ಮೆಸಿಯಾನ್ ಜರ್ಮನರ ಸೆರೆಯಾದರು. ಗೋರ್ಲಿಟ್ಸ್ ಬಳಿಯ ಯುದ್ಧಕೈದಿಗಳ ಶಿಬಿರಕ್ಕೆ ಅವರನ್ನು ಒಯ್ದರು. ಅಲ್ಲಿ ಒಬ್ಬ ಕ್ಲಾರಿನೆಟ್ ವಾದಕ, ಒಬ್ಬ ಪಿಟೀಲು ವಾದಕ, ಒಬ್ಬ ಸೆಲ್ಲೊ ವಾದಕ ಇದ್ದರು. ಮೆಸಿಯಾನ್ ಸ್ವತಃ ಪಿಯಾನೊ ಬಲ್ಲವರು. ಇರುವ ನಾಲ್ವರಿಗೆ ಎಂಟು ಭಾಗಗಳ ಒಂದು ಕೃತಿ ಬರೆದರು: ‘ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ’. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಕೈದಿಗಳೂ ಕಾವಲಿನವರೂ ಸೇರಿ ಅದನ್ನು ಕೇಳಿದರು. ಸೆಲ್ಲೊಗೆ ಮೂರೇ ತಂತಿ ಇತ್ತು ಎಂಬ ಕಥೆಯನ್ನು ನೀವು ಓದಿರಬಹುದು. ನುಡಿಸಿದ ಪಾಸ್ಕಿಯೆ ಅವರೇ ನಾಲ್ಕೂ ತಂತಿ ಇದ್ದವು ಎಂದಿದ್ದಾರೆ. ಆ ದಿನದ ಗಾಂಭೀರ್ಯಕ್ಕೆ ಅಂಥ ಕಥೆಯ ಆಸರೆ ಬೇಕಿಲ್ಲ.

ಈಗ ಇದನ್ನು ಕೇಳಿ. ಮೊದಲ ಭಾಗದಲ್ಲಿ ಪಿಯಾನೊ 17 ಕಾಲಪ್ರಮಾಣಗಳ (ಒಂದೊಂದು ಸದ್ದು ನಿಲ್ಲುವ ಅವಧಿಗಳ) ಒಂದು ಸರಣಿಯನ್ನು ಬಿಡದೆ ಸುತ್ತಿಸುತ್ತದೆ. ಆ ಹದಿನೇಳು ಬಂದದ್ದು ಎಲ್ಲಿಂದ? ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳನ್ನು ಸಾಲಾಗಿ ಜೋಡಿಸಿದ್ದರಿಂದ. ಮೂರೂ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶೀ ತಾಳಗಳ ಪಟ್ಟಿಯಲ್ಲಿವೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ಬರೆದ ಗ್ರಂಥ ಅದು. ಕನ್ನಡದಲ್ಲೂ ಶಾಸನ ಬರೆಸಿದ ಅರಸರು ಅವರು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ ಒಂದು ಸಂಗೀತ ವಿಶ್ವಕೋಶದಲ್ಲಿ ಮೆಸಿಯಾನ್ ಅವರಿಗೆ ಆ ಪಟ್ಟಿ ಸಿಕ್ಕಿತು. ಜೀವನವಿಡೀ ಅದನ್ನು ಬಿಡಲಿಲ್ಲ. ಯಾವ ಗುರುವೂ ಹೇಳಿಕೊಡದ, ಪ್ರಯೋಗದಲ್ಲಿ ಒಮ್ಮೆಯೂ ಕೇಳದ ತಾಳಗಳನ್ನು ಕಾಗದದ ಮೇಲಿನ ಗುರುತುಗಳಿಂದಲೇ ಅವರು ಎತ್ತಿಕೊಂಡರು. ಆ ತಾಳಗಳು ಇಂದಿನ ಪೋಲೆಂಡಿನ ಗಡಿಯ ಒಂದು ಸೆರೆಶಿಬಿರದಲ್ಲಿ ನುಡಿದವು.

ಇಲ್ಲಿ ಒಂದು ಎಚ್ಚರವೂ ಬೇಕು. ತಾಳದ ಹೆಸರು ಕೇಳಿದೊಡನೆ ನಮ್ಮ ಕೈ ತೊಡೆಯ ಮೇಲೆ ಬೀಳುತ್ತದೆ. ಇದಕ್ಕೆ ತಾಳ ಹಾಕಲು ಹೋದರೆ ದಾರಿ ತಪ್ಪುತ್ತೀರಿ. ನಮಗೆ ತಾಳವೆಂದರೆ ಹಾಡಿನ ಕೆಳಗೆ ಹಾಸಿದ ನೆಲ. ಹಾಡು ಅದರ ಮೇಲೆ ಓಡುತ್ತದೆ, ಹಿಂದೆ ಸರಿಯುತ್ತದೆ, ಎಡುಪಿಗೆ, ಅಂದರೆ ಹಾಡು ಶುರುವಾದ ಎಣಿಕೆಗೆ, ಬಂದು ಕೂಡುತ್ತದೆ. ಮೆಸಿಯಾನ್ ಅವರಲ್ಲಿ ಆ ನೆಲವೇ ಹಾಡಾಗಿದೆ. ಅದನ್ನು ಎಣಿಸಲು ಕೆಳಗೆ ಇನ್ನೊಂದು ನೆಲವಿಲ್ಲ. 17 ಕಾಲಪ್ರಮಾಣಗಳ ಜೊತೆಗೆ 29 ಸ್ವರಮೇಳಗಳ ಇನ್ನೊಂದು ಸುತ್ತು ಓಡುತ್ತಿದೆ. ಹದಿನೇಳೂ ಇಪ್ಪತ್ತೊಂಬತ್ತೂ ಒಂದನ್ನೂ ತಮ್ಮನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳು. ಎರಡು ಸುತ್ತುಗಳೂ ಒಟ್ಟಿಗೆ ಮೊದಲಿಗೆ ಬರಬೇಕಾದರೆ 493 ಹೆಜ್ಜೆ ಬೇಕು. ಸುಮಾರು ಮೂರು ನಿಮಿಷದಲ್ಲಿ ಭಾಗ ಮುಗಿದುಹೋಗುತ್ತದೆ, ಎರಡೂ ಕೂಡುವ ಸಮ ಬರುವುದೇ ಇಲ್ಲ. ಬರದ ಸಮಕ್ಕಾಗಿ ಕಾಯುತ್ತ ಕುಳಿತ ಅನುಭವ ನಮ್ಮ ದೇಶದ ಲಯ ಬಲ್ಲ ಕೇಳುಗನಿಗೆ ಆಗುವಷ್ಟು ತೀವ್ರವಾಗಿ ಇನ್ನಾರಿಗೂ ಆಗಲಾರದು ಎಂದು ನನಗೆ ಅನ್ನಿಸುತ್ತದೆ. ಕೃತಿಯ ಹೆಸರೇ ಕಾಲದ ಅಂತ್ಯ. ಸಮವಿಲ್ಲದ ಕಾಲ ಎಂದರೇನು ಎಂಬುದು ನಮ್ಮ ಮೈಗೇ ಗೊತ್ತಾಗುತ್ತದೆ.

ಮೃದಂಗ ಕಲಿಯುವವರು ಸಭೆಯಲ್ಲಿದ್ದರೆ ಕಾನ್ಲನ್ ನ್ಯಾಂಕ್ಯಾರೊ ಎಂಬ ಹೆಸರನ್ನೂ ಬರೆದುಕೊಳ್ಳಿ. ಅಮೆರಿಕದವರು, ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ವಿರುದ್ಧ ಹೋರಾಡಿದವರು. ಅದೇ ಕಾರಣಕ್ಕೆ ತಮ್ಮ ದೇಶದಲ್ಲಿ ತೊಂದರೆಯಾಗಿ 1940ರಲ್ಲಿ ಮೆಕ್ಸಿಕೊಗೆ ಹೋದವರು. ಅವರಿಗೆ ಬೇಕಾದ ಲಯವನ್ನು ನುಡಿಸುವ ಕೈಗಳು ಸಿಗಲಿಲ್ಲ. ಕಾಗದದ ಸುರುಳಿಯಲ್ಲಿ ರಂಧ್ರ ಕೊರೆದರೆ ತಾನಾಗಿ ನುಡಿಯುವ ಪಿಯಾನೊಗೆ, ಒಂದೊಂದೇ ರಂಧ್ರವನ್ನು ಕೈಯಾರೆ ಕೊರೆದು, ದಶಕಗಳ ಕಾಲ ಬರೆದರು. ‘ಅಧ್ಯಯನ’ಗಳೆಂದು (ಸ್ಟಡಿ) ಹೆಸರಿಟ್ಟ ಆ ರಚನೆಗಳಲ್ಲಿ 21ನೆಯದರಲ್ಲಿ ಒಂದು ಧ್ವನಿ ನಿಧಾನದಿಂದ ವೇಗಕ್ಕೆ ಏರುತ್ತದೆ, ಇನ್ನೊಂದು ವೇಗದಿಂದ ನಿಧಾನಕ್ಕೆ ಇಳಿಯುತ್ತದೆ. ನಡುವೆ ಎಲ್ಲೋ ಒಂದು ಕ್ಷಣ ಎರಡೂ ಒಂದೇ ನಡೆಯಲ್ಲಿ ಹಾದುಹೋಗುತ್ತವೆ. ಆ ಕ್ಷಣವನ್ನು ಕಿವಿಯಲ್ಲಿ ಹಿಡಿಯಲು ಪ್ರಯತ್ನಿಸಿ.

ಅಮೆರಿಕದ ರೂತ್ ಕ್ರಾಫರ್ಡ್ ಸೀಗರ್ ಅವರನ್ನು ಬಿಟ್ಟರೆ ಈ ಮಾತು ಅಪೂರ್ಣ. 1931ರಲ್ಲಿ, ಗುಗನ್‌ಹೈಮ್ ಫೆಲೋಶಿಪ್ ಪಡೆದು ಬರ್ಲಿನ್ನಿನಲ್ಲಿದ್ದಾಗ, ಅವರು ನಾಲ್ಕು ತಂತಿವಾದ್ಯಗಳಿಗೆ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಬರೆದರು. ಸಂಗೀತ ರಚನೆಗಾಗಿ ಆ ಫೆಲೋಶಿಪ್ ಪಡೆದ ಮೊದಲ ಮಹಿಳೆ ಅವರು. ಆ ಕ್ವಾರ್ಟೆಟ್ಟಿನ ಮೂರನೆಯ ಭಾಗದಲ್ಲಿ ನಾಲ್ಕೂ ವಾದ್ಯಗಳು ಒಂದೊಂದು ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲುತ್ತವೆ. ಒಂದು ಉಬ್ಬಿ ಇಳಿಯುವಾಗ ಇನ್ನೊಂದು ಉಬ್ಬಲು ಶುರುಮಾಡುತ್ತದೆ. ಕೆರೆಯ ನೀರಿನಲ್ಲಿ ಅಲೆ ಒಂದು ಕಡೆ ತಗ್ಗಿ ಪಕ್ಕದಲ್ಲಿ ಏಳುವ ಹಾಗೆ, ರಾಗವೆಲ್ಲ ಆ ಏರಿಳಿತದ್ದೇ. ಆಮೇಲೆ ಬಹುಕಾಲ ಅವರು ಜನಪದ ಹಾಡುಗಳ ಸಂಗ್ರಹ ಮತ್ತು ಮಕ್ಕಳ ಪಾಲನೆಯಲ್ಲಿ ತೊಡಗಿದರು, ಸ್ವಂತ ರಚನೆ ವಿರಳವಾಯಿತು, 1953ರಲ್ಲಿ ತೀರಿಕೊಂಡರು. ಈ ಮೂರನೆಯ ಭಾಗವನ್ನು ಕೇಳಿದಾಗಲೆಲ್ಲ, ಬರೆಯದೆ ಉಳಿದುಹೋದದ್ದನ್ನು ನೆನೆದು ನನಗೆ ಸಂಕಟವಾಗುತ್ತದೆ.

ಒಂದು ಸ್ವರದ ಮಾತು ಬಂದದ್ದರಿಂದ ಜಚಿಂತೊ ಶೆಲ್ಸಿ ಅವರಿಗೆ ಹೋಗೋಣ. ಇಟಲಿಯವರು, 1905ರಿಂದ 1988ರವರೆಗೆ ಬಾಳಿದವರು. ಒಮ್ಮೆ ಮನಸ್ಸಿನ ಕಾಯಿಲೆಯಿಂದ ನರಳುತ್ತಿದ್ದಾಗ ಪಿಯಾನೊದ ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತಿ ಅದು ಕರಗುವವರೆಗೂ ಕೇಳುತ್ತ ಕೂರುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ. 1959ರಲ್ಲಿ ಅವರು ಸಣ್ಣ ವಾದ್ಯವೃಂದಕ್ಕೆ ನಾಲ್ಕು ತುಣುಕುಗಳನ್ನು ಬರೆದರು. ಪ್ರತಿಯೊಂದೂ ಒಂದೇ ಸ್ವರದ ಮೇಲೆ. ಯುರೋಪಿನ ಕೇಳುಗರಿಗೆ ಇದು ದೊಡ್ಡ ಆಘಾತ. ನಮಗೆ? ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ನೋಡಿದವರು ಹೇಳಿ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತೇವೆ. ತಂತಿ ಅದೇ, ಶ್ರುತಿ ಅದೇ. ಎಳೆ ಒಂದು ಜಾಗಕ್ಕೆ ಬಂದೊಡನೆ ಸ್ವರ ಅರಳುತ್ತದೆ. ಒಳಗಿನಿಂದ ಅಂತರಗಾಂಧಾರ ಎಂಬ ಇನ್ನೊಂದು ಸ್ವರ ತಾನಾಗಿ ಹಾಡುತ್ತದೆ. ಅದನ್ನು ಯಾರೂ ನುಡಿಸಿಲ್ಲ, ಆದರೂ ಕೇಳುತ್ತದೆ. ಶೆಲ್ಸಿ ಆ ಎಳೆ ಸರಿಸುವ ಕ್ಷಣವನ್ನೇ ಹಿಗ್ಗಿಸಿ ಒಂದು ಇಡೀ ತುಣುಕು ಮಾಡಿದ್ದಾರೆ. ತುತ್ತೂರಿ ಸ್ವರವನ್ನು ಗಟ್ಟಿ ಮಾಡುತ್ತದೆ, ತಂತಿಗಳು ಅದನ್ನು ಕಾಲು ಸ್ವರದಷ್ಟು ಅಲುಗಿಸುತ್ತವೆ, ಇನ್ನಾರೋ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹೊಳೆಯಿಸುತ್ತಾರೆ. ಸಂಗೀತ ಏನೂ ಗೊತ್ತಿಲ್ಲ ಎನ್ನುವ ನಮ್ಮ ಪಕ್ಕದ ಮನೆಯ ಅಜ್ಜಿಗೆ ಇದನ್ನು ಕೇಳಿಸಿದ್ದೆ. ಕಣ್ಣು ಮುಚ್ಚಿ ಕೇಳಿ, “ದೇವಸ್ಥಾನದ ಗಂಟೆ ಹೊಡೆದ ಮೇಲೆ ಉಳಿಯುತ್ತದಲ್ಲ, ಅದು” ಎಂದರು. ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಚೀಟಿಯಲ್ಲಿ ಒಬ್ಬರು ಬರೆದು ಕಳಿಸಿದ್ದಾರೆ: ಇದರಲ್ಲೆಲ್ಲ ರಸ ಎಲ್ಲಿದೆ? ಸರಿಯಾದ ಪ್ರಶ್ನೆ. ಅಮೆರಿಕದ ಸಂಗೀತಕಾರ ಜಾನ್ ಕೇಜ್ ಅವರಿಗೂ ಇದೇ ಕಾಡಿತ್ತು. ತಾವು ದುಃಖದಿಂದ ಬರೆದದ್ದನ್ನು ಕೇಳಿ ಜನ ನಕ್ಕಾಗ, ಸಂಗೀತ ಯಾತಕ್ಕೆ ಎಂದು ಅವರು ಕಂಗೆಟ್ಟಿದ್ದರು. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋದರು. ಮೃದಂಗದಂಥ ಪಖಾವಾಜ್ ನುಡಿಸಿದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಪಾಶ್ಚಾತ್ಯ ಸಂಗೀತ ನಮ್ಮ ಸಂಗೀತವನ್ನು ಹೇಗೆ ಬದಲಿಸಬಹುದೆಂಬ ಆತಂಕದಿಂದ ಅದನ್ನೇ ಕಲಿಯಲು ಹೋಗಿದ್ದರು. ಹಣದ ಲೆಕ್ಕವಿಲ್ಲ, ಕೇಜ್ ಗೀತಾ ಅವರಿಗೆ ಪಾಶ್ಚಾತ್ಯ ಸಂಗೀತ ಕಲಿಸುವುದು, ಗೀತಾ ಕೇಜ್‌ಗೆ ಭಾರತೀಯ ಸಂಗೀತ ಕಲಿಸುವುದು ಎಂಬ ಒಪ್ಪಂದ. ನಿಮ್ಮ ಗುರುಗಳು ಸಂಗೀತದ ಉದ್ದೇಶ ಏನೆಂದು ಹೇಳಿದ್ದರು ಎಂದು ಕೇಜ್ ಕೇಳಿದರು. ಮನಸ್ಸನ್ನು ತಿಳಿಗೊಳಿಸಿ ಶಾಂತವಾಗಿಸುವುದು, ದೈವಿಕ ಪ್ರಭಾವಗಳಿಗೆ ಅದನ್ನು ತೆರೆಯುವುದು ಎಂದು ಉತ್ತರ ಬಂತು. ಕೇಜ್ ಆ ಉತ್ತರವನ್ನು ಬದುಕಿನ ಕೊನೆಯವರೆಗೂ ಹೇಳುತ್ತಿದ್ದರು.

ಆ ವರ್ಷಗಳಲ್ಲೇ ಅವರು ‘ಸೊನಾಟಾಗಳು ಮತ್ತು ಇಂಟರ್‌ಲ್ಯೂಡ್‌ಗಳು’ ಬರೆದರು: 16 ಸೊನಾಟಾ, ನಡುನಡುವೆ 4 ಇಂಟರ್‌ಲ್ಯೂಡ್. ಪಿಯಾನೊದ 45 ಸ್ವರಗಳ ತಂತಿಗಳ ನಡುವೆ ತಿರುಪು ಮೊಳೆ, ಬೋಲ್ಟು, ರಬ್ಬರಿನ ಚೂರು ಸಿಕ್ಕಿಸಬೇಕು. ಯಾವುದು ಎಲ್ಲಿ, ಎಷ್ಟು ದೂರದಲ್ಲಿ ಎಂದು ಅಳತೆಯ ಪಟ್ಟಿಯೇ ಇದೆ. ಅದಾದ ಮೇಲೆ ಪಿಯಾನೊ ಒಮ್ಮೆ ಜಲತರಂಗ, ಒಮ್ಮೆ ಮರದ ಡೋಲು, ಒಮ್ಮೆ ತೂತುಬಿದ್ದ ಗಂಟೆ. ಇಲ್ಲಿ ಅವರು ತರಬಯಸಿದ್ದು ಭಾರತೀಯ ಪರಂಪರೆಯ ಎಂಟು ಸ್ಥಾಯಿಭಾವಗಳನ್ನು, ಅವೆಲ್ಲ ಶಾಂತದ ಕಡೆಗೆ ಒಲಿಯುವುದನ್ನು. ಕಲಾಚಿಂತಕ ಆನಂದ ಕುಮಾರಸ್ವಾಮಿ ಅವರ ಬರಹಗಳಿಂದ ಅವರು ಇದನ್ನು ಪಡೆದಿದ್ದರು. ಯಾವ ಸೊನಾಟಾ ಯಾವ ರಸ ಎಂದು ಮಾತ್ರ ಹೇಳಲಿಲ್ಲ. ಐದನೆಯ ಸೊನಾಟಾ ನನಗೆ ಹಾಸ್ಯದಂತೆ ಕೇಳುತ್ತದೆ; ನಿಮಗೆ ಅದ್ಭುತವಾಗಿ ಕೇಳಬಹುದು. ಕೊನೆಯ ಸೊನಾಟಾದ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ: ಅದು ಶಾಂತವೇ.

ಕೇಜ್ ಎಂದರೆ ಎಲ್ಲರೂ ಎತ್ತುವುದು ಮೌನದ ತುಣುಕನ್ನು. 1952ರ ಆಗಸ್ಟ್ 29ರಂದು, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ, ಹಿಂಬದಿ ಕಾಡಿಗೆ ತೆರೆದುಕೊಂಡ ಮರದ ಸಭಾಂಗಣದಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕುಳಿತು ನಾಲ್ಕು ನಿಮಿಷ 33 ಸೆಕೆಂಡು ಏನನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗೆ ಗಾಳಿ, ಎರಡನೆಯದರಲ್ಲಿ ಸೂರಿನ ಮೇಲೆ ಮಳೆಹನಿ, ಮೂರನೆಯದರಲ್ಲಿ ಎದ್ದು ಹೋಗುವವರ ಮಾತು. ಇದನ್ನು ತಮಾಷೆಯೆಂದು ಹೇಳುವವರನ್ನು ಕಂಡರೆ ನನಗೆ ಬೇಸರ. ಗೀತಾ ಸಾರಾಭಾಯಿ ಅವರ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ: ಮನಸ್ಸು ತಿಳಿಯಾದರೆ ಸೂರಿನ ಮೇಲೆ ಬೀಳುವ ಮಳೆ ಕೇಳುತ್ತದೆ. ಅದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಇರುವ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಕಟ್ಟಲು ನೆರವಾದರು. ಅಲ್ಲಿ ಭಾರತೀಯರು ಮಾಡಿದ ಟೇಪುಗಳು ದಶಕಗಳ ಕಾಲ ಸಂಗ್ರಹದಲ್ಲಿ ಮಲಗಿದ್ದು, ಇತ್ತೀಚೆಗೆ ಧ್ವನಿಮುದ್ರಿಕೆಯಾಗಿ ಹೊರಬಂದಿವೆ. ಹುಡುಕಿ ಕೇಳಿ.

ಹೇಗೆ ಕೇಳಬೇಕು ಎಂದು ಚಹಾದ ಹೊತ್ತಿನಲ್ಲಿ ಇಬ್ಬರು ಕೇಳಿದರು. ನನ್ನ ರೂಢಿ ಹೇಳುತ್ತೇನೆ. ಹೊಸ ರಚನೆಯನ್ನು ಒಂದು ವಾರದಲ್ಲಿ ಮೂರು ಸಲ ಕೇಳುತ್ತೇನೆ, ಒಂದೇ ಧ್ವನಿಮುದ್ರಣ, ಸಾಧ್ಯವಾದರೆ ದಿನದ ಅದೇ ಹೊತ್ತು. ಮೊದಲ ಸಲ ಏನನ್ನೂ ಓದಿರುವುದಿಲ್ಲ. ಇಷ್ಟವೋ ಅಲ್ಲವೋ ಎಂಬ ತೀರ್ಪನ್ನೂ ಕೊಡುವುದಿಲ್ಲ. ಎರಡನೆಯ ಸಲ ಒಂದೇ ವಾದ್ಯದ ಬೆನ್ನು ಹಿಡಿಯುತ್ತೇನೆ: ಅದು ಯಾವಾಗ ಬಂತು, ಯಾವಾಗ ಸುಮ್ಮನಾಯಿತು. ಮೂರನೆಯ ಸಲ ದೀಪ ಆರಿಸಿ ಕೂರುತ್ತೇನೆ. ಮೂರನೆಯ ಸಲದ ಹೊತ್ತಿಗೆ ನೆನಪು ಸೇರಿಕೊಂಡಿರುತ್ತದೆ, ಮುಂದೇನು ಬರುತ್ತದೆಂದು ಕಿವಿ ಕಾಯುತ್ತದೆ. ತೋಡಿ ನಮಗೆ ತೋಡಿಯಾದದ್ದು ನೂರಾರು ಸಲ ಕೇಳಿದ ಮೇಲೆ. ವೆಬರ್ನ್ ಅವರಿಗೆ ಮೂರು ಸಲವಾದರೂ ಕೊಡೋಣ. ಮೂರು ಸಲ ಕೇಳಿಯೂ ತೆರೆಯದೆ ಉಳಿದವೂ ನನ್ನಲ್ಲಿ ಬೇಕಾದಷ್ಟಿವೆ. ಅವನ್ನು ಎಸೆಯುವುದಿಲ್ಲ, ಒಂದೆರಡು ವರ್ಷ ಬಿಟ್ಟು ಮತ್ತೆ ತೆಗೆಯುತ್ತೇನೆ.

ಆರಂಭದಲ್ಲಿ ಮೆಟ್ನರ್ ಅವರ ಸೊನಾಟಾವನ್ನು ಎರಡು ನಿಮಿಷಕ್ಕೆ ನಿಲ್ಲಿಸಿದ್ದೆ. ಉಳಿದ ಹನ್ನೆರಡು ನಿಮಿಷವನ್ನು ಈಗ ಹಾಕುತ್ತೇನೆ. ಆ ತೊಟ್ಟಿಲ ಧಾಟಿ ನಡುವೆ ಒಮ್ಮೆ ಬರುತ್ತದೆ, ಕೊನೆಗೆ ಮತ್ತೊಮ್ಮೆ ಬರುತ್ತದೆ. ಸ್ವರಗಳು ಮೊದಲಿನವೇ. ಈ ಒಂದು ಗಂಟೆಯಲ್ಲಿ ನಾವು ಬೇರೇನೆಲ್ಲ ಕೇಳಿ ಬಂದಿದ್ದೇವೆ. ಕೊನೆಯ ಸಲ ಅದು ಬಂದಾಗ ಹೇಗೆ ಕೇಳುತ್ತದೆಂದು ಆಮೇಲೆ ನೀವೇ ನನಗೆ ಹೇಳಬೇಕು. ಹಿಂದಿನ ಸಾಲಿನವರು ಆ ಫ್ಯಾನನ್ನು ಸ್ವಲ್ಪ ಆರಿಸಿದರೆ ಅನುಕೂಲ.